ಸಾರ್, ಇದರಲ್ಲಿ ರನ್ ಬಟನ್ ಎಲ್ಲಿದೆ?

ಎರಡು ವರ್ಷದ ಹಿಂದೆ ನಾನೇ ಮಾಡಿದ ಎಡವಟ್ಟಿನಿಂದ ಶುರು ಮಾಡ್ತೀನಿ. ನಮ್ಮ ಇಂಜಿನಿಯರಿಂಗ್ ಹುಡುಗರಿಗೆ ಫಾರೋ ಅನ್ನೋ ಪ್ರೋಗ್ರಾಮಿಂಗ್ ಭಾಷೆ ತೋರಿಸಬೇಕು ಅಂತ ಆಸೆ ಇತ್ತು. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಲ್ಯಾಬಿನಲ್ಲಿ ಅಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್, ಡ್ಯಾನ್ ಇಂಗಲ್ಸ್ ಎಲ್ಲ ಸೇರಿ ಸ್ಮಾಲ್‌ಟಾಕ್ ಅನ್ನೋ ಭಾಷೆ ಕಟ್ಟಿದ್ದರಲ್ಲ, ಫಾರೋ ಅದೇ ಮನೆತನದ್ದು. ಎಡಿಟರ್, ಮೆನು, ಡೀಬಗ್ಗರ್, ಕಂಪೈಲರ್ ಎಲ್ಲ ಅದೇ ಭಾಷೆಯಲ್ಲಿ ಬರೆದಿರೋದು, ಓಡುತ್ತಿರುವಾಗಲೇ ಯಾವುದನ್ನು ಬೇಕಾದರೂ ಬಿಚ್ಚಿ ತಿದ್ದಬಹುದು. ವಾಸ ಇರುವ ಮನೆಗೇ ಗೋಡೆ ಒಡೆದು ಕಿಟಕಿ ಇಟ್ಟ ಹಾಗೆ.

ಇಂಥದ್ದಕ್ಕೆ ನಾನು ಮಾಡಿದ್ದೇನು? ಲ್ಯಾಬ್ ಮ್ಯಾನ್ಯುಯಲ್! ಇಲ್ಲಿ ಒತ್ತಿ, ಇದನ್ನು ಟೈಪ್ ಮಾಡಿ, ಔಟ್‌ಪುಟ್ ಹೀಗೆ ಬರುತ್ತೆ. ಆರನೇ ಹೆಜ್ಜೆಯಲ್ಲಿ ಒಬ್ಬನಿಗೆ ಮೆನು ಬೇರೆ ಥರ ಕಾಣಿಸಿತು, ಪಾಪ, ಇಪ್ಪತ್ತು ನಿಮಿಷ ಕೈಕಟ್ಟಿ ನನಗೋಸ್ಕರ ಕಾದು ಕೂತಿದ್ದ. ಉಳಿದವರು ರೆಕಾರ್ಡ್ ಬುಕ್ ತುಂಬಿಸಿ ಎದ್ದು ಹೋದರು.

ಈ ಸಲ ಮ್ಯಾನ್ಯುಯಲ್ ಇಲ್ಲ. ನನ್ನನ್ನು ಕೇಳೋ ಮುಂಚೆ ಸಿಸ್ಟಮ್ಮನ್ನೇ ಕೇಳಬೇಕು. ಏನು ಕೇಳಿದಿರಿ, ಅದು ಏನು ಹೇಳಿತು ಅಂತ ಬರೆದಿಡಿ, ಮಾರ್ಕ್ಸ್ ಅದಕ್ಕೆ ಮಾತ್ರ ಅಂದೆ. ಮೊದಲ ಪ್ರಶ್ನೆಯೇ ರನ್ ಬಟನ್ ಎಲ್ಲಿ ಅಂತ. ಆಮೇಲೆ ಹಿಂದಿನ ಬೆಂಚಿನಿಂದ, "ಸಾರ್, ಇದರಲ್ಲಿ ಬಗ್ ಇದೆ, 3 + 4 * 2 ಹಾಕಿದರೆ 14 ಬರ್ತಿದೆ!" ನಾಲಿಗೆ ತುದಿಗೆ ಬಂದ ಉತ್ತರವನ್ನು ಹೇಗೆ ನುಂಗಿಕೊಂಡೆನೋ ನನಗೇ ಗೊತ್ತು. ಹತ್ತು ನಿಮಿಷ ತಿರುಗಾಮುರುಗಾ ಹಾಕಿ ನೋಡಿದ ಮೇಲೆ, ಇದರಲ್ಲಿ ಗುಣಾಕಾರ ಮೊದಲು ಅಂತಿಲ್ಲ, ಸುಮ್ಮನೆ ಎಡದಿಂದ ಬಲಕ್ಕೆ ಹೋಗುತ್ತೆ ಅಂತ ಅವರೇ ಕಂಡುಕೊಂಡರು. ಫಾರೋದ ಒಳಗಿನ ಕೋಡ್ ತೋರಿಸುವ ಬ್ರೌಸರಿನಲ್ಲಿ ಪೂರ್ಣಾಂಕಗಳ ಕೋಡ್ ಇರುವ ಇಂಟಿಜರ್ ಕ್ಲಾಸ್ ತೆಗೆದು ನೋಡಿದ ಹುಡುಗನಿಗಂತೂ ಆಶ್ಚರ್ಯ. "ಪ್ಲಸ್ಸೂ ಒಂದು ಮೆಥಡ್ಡೇನಾ ಸಾರ್?" ಮೆಥಡ್ ಅಂದರೆ ಒಂದು ಕೆಲಸ ಮಾಡಿಸುವ, ಹೆಸರಿಟ್ಟ ಕೋಡ್ ತುಂಡು.

ತಿದ್ದಬಹುದು ಅಂದಮೇಲೆ ಕೆಡಿಸಲೂಬಹುದು ಅಲ್ವಾ. ಒಬ್ಬ ಯಾವುದೋ ಮೂಲ ಕ್ಲಾಸಿಗೇ ಕೈ ಹಾಕಿ ಸ್ಕ್ರೀನ್ ಫ್ರೀಜ್ ಮಾಡಿಕೊಂಡ. ಫೈನ್ ಕಟ್ಟಬೇಕೇನೋ ಅನ್ನೋ ಮುಖ. ಸೇವ್ ಮಾಡದೆ ಮುಚ್ಚಿ ತಿರುಗಾ ತೆಗೆ ಅಂದೆ, ಎಲ್ಲ ಮೊದಲಿನ ಹಾಗೇ ಇತ್ತು. ಆಮೇಲಿನ ಅರ್ಧ ಗಂಟೆ ಯಾರು ಚೆನ್ನಾಗಿ ಕೆಡಿಸ್ತಾರೆ ಅಂತ ಪೈಪೋಟಿ. ನನ್ನ ಪ್ರಕಾರ ಅವತ್ತಿನ ನಿಜವಾದ ಪಾಠ ಅದೇ.

ಒಬ್ಬ ಹುಡುಗಿ ಸಂಖ್ಯೆಗಳಿಗೆ "ಕನ್ನಡ" ಅನ್ನೋ ಮೆಥಡ್ ಸೇರಿಸಲು ಹೊರಟಳು, 42ಕ್ಕೆ ಕೇಳಿದರೆ ೪೨ ಬರಬೇಕು. ಅಂಕಿ ಬಿಡಿಸಲು ಶೇಷ ಬೇಕು, ಮೆಥಡ್ ಹೆಸರು ಗೊತ್ತಿಲ್ಲ. ಮೆಥಡ್ ಹುಡುಕಿಕೊಡುವ ಫೈಂಡರಿನಲ್ಲಿ 17, 5, 2 ಅಂತ ಉದಾಹರಣೆ ಕೊಟ್ಟಳು, 17 ಮತ್ತು 5ರಿಂದ 2 ತರುವ ಮೆಥಡ್‌ಗಳನ್ನು ಅದೇ ಹುಡುಕಿ ಕೊಟ್ಟಿತು. ಎಲ್ಲ ಆಯ್ತು, ತೆರೆಯ ಮೇಲೆ ಬಂದದ್ದು ಎರಡು ಖಾಲಿ ಚೌಕ. ಕೋಡ್ ತಪ್ಪು ಅಂತ ಅಳಿಸಿಬಿಡ್ತಾಳೆ ಅಂದುಕೊಂಡೆ. ಇಲ್ಲ, ಅವಳು ಮೊದಲ ಚೌಕವನ್ನು ಇನ್‌ಸ್ಪೆಕ್ಟ್ ಮಾಡಿ ಒಳಗೇನಿದೆ ನೋಡಿದಳು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಕೊಟ್ಟಿರುವ ಯೂನಿಕೋಡ್ ಸಂಖ್ಯೆ, 3306. ಅದು ೪ ಅಂಕಿಯದ್ದೇ! "ಅಕ್ಷರ ಸರಿ ಇದೆ ಸಾರ್, ಇದರ ಹತ್ತಿರ ಕನ್ನಡ ಫಾಂಟ್ ಇಲ್ಲ ಅಷ್ಟೇ."

"ಇದೆಲ್ಲ ಪ್ಲೇಸ್‌ಮೆಂಟಿಗೆ ಏನು ಉಪಯೋಗ ರೀ?" ಅಂದರು ನಮ್ಮ ಸ್ಟಾಫ್ ರೂಮಿನವರು. ಇಂಟರ್‌ವ್ಯೂನಲ್ಲಿ ಫಾರೋ ಕೇಳೋರು ಸಿಗೋದು ಕಷ್ಟ, ಒಪ್ತೀನಿ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಯಾರೋ ಬರೆದು ಬಿಟ್ಟುಹೋದ ಲಕ್ಷಾಂತರ ಸಾಲಿನ ಕೋಡ್ ಮುಂದೆ ಕೂರಿಸ್ತಾರೆ, ಅದಕ್ಕೆ ಮ್ಯಾನ್ಯುಯಲ್ ಯಾರು ಕೊಡ್ತಾರೆ? ಎಐ ಕೇಳ್ತಾರೆ ಬಿಡಿ ಅಂತೀರಾ. ಲ್ಯಾಬಿನಲ್ಲೂ ಕೇಳಿದರು. ಫಾರೋದಲ್ಲಿ ಇಲ್ಲವೇ ಇಲ್ಲದ ಮೆಥಡ್ ಒಂದನ್ನು ಅದು ಬಹಳ ಧೈರ್ಯವಾಗಿ ಬರೆದುಕೊಟ್ಟಿತ್ತು.

ಮೊನ್ನೆ ಕಾರಿಡಾರಿನಲ್ಲಿ ಆ ಹುಡುಗಿ ಸಿಕ್ಕಳು. "ಫಾಂಟ್ ಹಾಕಿದೆ ಸಾರ್, ಅಂಕಿ ಬಂತು. ಒತ್ತಕ್ಷರ ಮಾತ್ರ ಕೆಳಗೆ ಇಳಿಯದೆ ಪಕ್ಕಪಕ್ಕ ಬೀಳ್ತಿದೆ. ಯಾಕೆ ಅಂತ ನೋಡ್ತಾ ಇದ್ದೀನಿ, ನೀವು ಹೇಳಬೇಡಿ."