ಹಸಿ ಕಸ, ಒಣ ಕಸ, ಅಮ್ಮನ ಮೊಳೆ

ಬೆಂಗಳೂರಲ್ಲಿ ಸಂಸಾರ ಮಾಡ್ಬೇಕಂದ್ರೆ ಕಸ ಎಸೆಯೋಕೂ ಓದ್ಕೊಂಡಿರ್ಬೇಕು. ಹಸಿ ಕಸ ಹಸಿರು ಡಬ್ಬಕ್ಕೆ, ಡಯಾಪರ್ರು ಬ್ಯಾಂಡೇಜು ಎಲ್ಲ ಪೇಪರಲ್ಲಿ ಸುತ್ತಿ ಕೆಂಪು ಡಬ್ಬಕ್ಕೆ, ಒಣಗಿದ್ದು ಚೀಲಕ್ಕೆ. 2015ರಲ್ಲಿ ಹೈಕೋರ್ಟೇ ಹೇಳಿದ ಲೆಕ್ಕ ಇದು. ಅದಕ್ಕೂ ಮುಂಚೆ ನಾವೆಲ್ಲ ಒಂದೇ ಕವರಿಗೆ ತುಂಬಿ ಗಂಟು ಹಾಕಿ ಕೈ ತೊಳ್ಕೊಳ್ತಿದ್ವಿ, ಅದು ಲಾರೀಲಿ ಊರಾಚೆ ಮಂಡೂರು ಹಳ್ಳಿಗೆ ಹೋಗಿ ಬೀಳ್ತಿತ್ತು, ನಾತ ಅಲ್ಲಿನವರ ಮೂಗಿಗೆ ಹೋಗ್ತಿತ್ತು, ಪಾಪ ಅವ್ರು ರಸ್ತೆಗಿಳಿದು ಜಗಳ ಆಡಿದ್ಮೇಲೆ 2014ರ ಕೊನೆಗೆ ಲಾರಿ ನಿಂತ್ವು.

ರೂಲ್ಸೇನೋ ಸರಿ, ಆದ್ರೆ ತೆಂಗಿನ ಚಿಪ್ಪು ಎಲ್ಲಿಗೆ? ಕಸದ ಗಾಡಿ ಅಕ್ಕ "ಯಜಮಾನ್ರೇ, ಇದು ಕೊಳೆಯಲ್ಲ, ಹಸಿ ಕಸಕ್ಕೆ ಹಾಕ್ಬೇಡಿ" ಅಂತಾರೆ, ಅವ್ರು ರಜಾ ಹಾಕಿದ ದಿನ ಬರೋ ಹುಡುಗ ಒಣ ಕಸದಿಂದ ಅದನ್ನೇ ಎತ್ತಿ ವಾಪಸ್ ಕೊಡ್ತಾನೆ. ಅಪ್ಪ ಇಬ್ಬರ ಹತ್ರಾನೂ ವಾದ ಮಾಡಿ ಸೋತಿದಾರೆ.

ಅಮ್ಮನಿಗೆ ಈ ತಲೆನೋವೇ ಇಲ್ಲ, ಯಾಕಂದ್ರೆ ಅವ್ರು ಏನನ್ನೂ ಎಸೆಯಲ್ಲ. ನಂದಿನಿ ಕವರ್ ತೊಳೆದು ಬಟ್ಟೆ ತಂತಿಗೆ ಕ್ಲಿಪ್ ಹಾಕ್ತಾರೆ, ಮೂಲೆ ಕತ್ತರಿಸಿದ್ರೂ ಆ ಚೂರು ಕವರಿಗೇ ನೇತಾಡ್ತಿರ್ಬೇಕು, ಬೇರೆ ಆದ್ರೆ ಗುಜರಿಯವನೂ ಮುಟ್ಟಲ್ಲ, ಮೋರಿಗೇ ಹೋಗೋದು ಅಂತಾರೆ. (ಈ ವಿಷಯದಲ್ಲಿ ಅಮ್ಮಂದೇ ಸರಿ.) ಅಡುಗೆಮನೆ ಬಾಗಿಲ ಹಿಂದಿನ ಮೊಳೇಲಿ ರಬ್ಬರ್ ಬ್ಯಾಂಡು, ಹರಿದ ಜರಡಿ, ಸವೆದ ಕುಕ್ಕರ್ ಗ್ಯಾಸ್ಕೆಟ್ಟು, ಎಲ್ಲ ಒಟ್ಟಿಗೆ.

ಅಪ್ಪ ಉಲ್ಟಾ. ಕಣ್ಣಿಗೆ ಬಿದ್ದಿದ್ದೆಲ್ಲ ವೇಸ್ಟೇ. ಮೊನ್ನೆ ಮನೇಲಿ ಯಾರೂ ಇಲ್ದಾಗ ಮೊಳೆ ಕ್ಲೀನ್ ಮಾಡಿದಾರೆ, ಹಿಂದಿನ ದಿನ ತಂದ ಹೊಸ ಗ್ಯಾಸ್ಕೆಟ್ಟೂ ಅಲ್ಲೇ ಇತ್ತು, ಎರಡೂ ಕಪ್ಪು ಎರಡೂ ದುಂಡಗೆ, ಹಳೇದು ಜೋಪಾನವಾಗಿ ಕುಕ್ಕರಿಗೆ ಬಂತು ಹೊಸದು ಚೀಲಕ್ಕೆ ಹೋಯ್ತು. ಬೇಳೆ ಇಟ್ಟು ಅರ್ಧ ಗಂಟೆ ಆದ್ರೂ ಸೀಟಿ ಇಲ್ಲ, ಮುಚ್ಚಳದ ಸುತ್ತ ಅರಿಶಿನದ ನೀರು ಬುಸುಬುಸು ಉಕ್ಕಿ ಒಲೆ ಎಲ್ಲ ಹಳದಿ.

ಅಷ್ಟರಲ್ಲಿ ಗಾಡಿ ಬೀದಿ ಕೊನೇಲಿತ್ತು. ಅಪ್ಪ ಪಂಚೆ ಎತ್ತಿ ಕಟ್ಟಿ ಓಡಿದ್ರು, ಅಕ್ಕ ಆಟೋ ಪಕ್ಕ ನೇತಾಕಿದ್ದ ಮೂಟೆ ತೋರಿಸಿ "ಹುಡುಕ್ಕೊಳ್ಳಿ" ಅಂದ್ರು, ಇವ್ರು ಮೊಣಕೈ ತನಕ ಕೈ ಬಿಟ್ರು, ಸುತ್ತ ನಾಕು ಜನ ಸೇರಿ ಏನು ಒಡವೆ ಹೋಯ್ತಾ ಅಂತ ಕೇಳೋಕೆ ಶುರು. ಗೇಟ್ ಹತ್ರ ನಿಂತಿದ್ದ ಅಮ್ಮ ಅಲ್ಲಿಂದ್ಲೇ ಕೂಗಿದ್ರು: "ರೀ, ಗ್ಯಾಸ್ಕೆಟ್ ಹಾಳಾಗ್ಲಿ, ತಂತಿ ಮೇಲಿದ್ದ ಹಾಲಿನ ಕವರ್ ಎಲ್ರೀ?"