ಹಸಿರು ವೈರು ಎಕ್ಸ್‌ಟ್ರಾ, ಸರ್!

ಎಸಿ ಹಾಕಲು ಬಂದಿದ್ದ ಹುಡುಗನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಎಸಿ ತಣ್ಣಗೆ ಬೀಸುತ್ತಿದೆ, ಅದರ ಕೆಳಗೆ ಕೂತೇ ಇದನ್ನು ಬರೆಯುತ್ತಿದ್ದೇನೆ, ಆದರೂ ಇಳಿದಿಲ್ಲ.

ಬೆಂಗಳೂರಿನವರಿಗೆ ಎಸಿ ಯಾಕೆ ಅಂತ ಊರಿನ ನೆಂಟರು ಈಗಲೂ ಕೇಳುತ್ತಾರೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್‌ನಲ್ಲಿ ಮತ್ತೆ 38 ದಾಟಿತು ಅಂತ ಲೆಕ್ಕ ಒಪ್ಪಿಸಿದರೆ, "ರಾಯಚೂರಿಗೆ ಬಾ, ಬಿಸಿಲು ಅಂದ್ರೇನು ತೋರಿಸ್ತೀವಿ" ಅನ್ನುತ್ತಾರೆ. ಅವರು ಹೇಳುವುದೂ ನಿಜ. ಆದರೆ ನಮ್ಮದು ತಾರಸಿಯ ಕೆಳಗಿನ ಬಾಡಿಗೆ ಮನೆ. ರಾತ್ರಿ ಹನ್ನೊಂದಾದರೂ ಫ್ಯಾನು ಹಗಲಿನ ಬಿಸಿಯನ್ನೇ ತಿರುಗಿಸಿ ತಿರುಗಿಸಿ ಬಡಿಸುತ್ತದೆ.

ಅಂಗಡಿಯಲ್ಲಿ ಒಂದೂವರೆ ಟನ್ ಬಗ್ಗೆ ಮಾತಾಯಿತು, ಸ್ಟಾರ್ ಬಗ್ಗೆ ಆಯಿತು, ಇಎಂಐ ಬಗ್ಗೆ ಆಯಿತು, ಆಫೀಸಿನಲ್ಲಿ ಕೂತೇ ಮೊಬೈಲಿನಿಂದ ಆನ್ ಮಾಡುವ ಸೌಭಾಗ್ಯದ ಬಗ್ಗೆಯಂತೂ ಬಹಳವೇ ಆಯಿತು. "ವೈರಿಂಗ್?" ಅಂದೆ. "ಅದೆಲ್ಲ ಇನ್‌ಸ್ಟಾಲೇಶನ್ ಟೀಮ್ ನೋಡ್ಕೊಳ್ತಾರೆ ಮೇಡಂ" ಅಂದರು. ಟೀಮ್ ಅಂದರೆ ಒಬ್ಬ ಹುಡುಗ, ಜೊತೆಗೆ ಏಣಿ ಹಿಡಿದುಕೊಂಡು ಮೊಬೈಲ್ ನೋಡುವ ಇನ್ನೊಬ್ಬ.

ಹುಡುಗನ ಅಂಗಿಯ ಜೇಬಲ್ಲಿ ಟೆಸ್ಟರ್ ಇತ್ತು. ಬಂದಾಗಿನಿಂದ ಹೋಗುವವರೆಗೆ ಅದು ಅಲ್ಲೇ ಇತ್ತು. ವೈರಿನ ತುದಿ ಬಿಡಿಸಲು ಅವನ ಬಳಿ ಹಲ್ಲಿದ್ದವು. ಕರಕ್ ಅಂತ ಕಚ್ಚಿ ಎಳೆದು, ಪ್ಲಾಸ್ಟಿಕ್ ಚೂರನ್ನು ಆಗಷ್ಟೇ ಒರೆಸಿದ್ದ ನೆಲದ ಮೇಲೆ ಥೂ ಅಂತ ಉಗಿದ. ಅದನ್ನೂ ಸಹಿಸಿಕೊಂಡೆ. ತಡೆಯಲಾಗದ್ದು ಅವನ ಇನ್ನೊಂದು ಅಭ್ಯಾಸ. ಪ್ರಶ್ನೆ ಕೇಳುವವಳು ನಾನು, ಅವನು ಉತ್ತರ ಕೊಡುವುದು ಮಾತ್ರ ನನ್ನ ಗಂಡನಿಗೆ.

ನನ್ನ ಗಂಡ ಎಂಥವರೆಂದರೆ, ಬಲ್ಬು ಬದಲಿಸುವಾಗಲೂ "ಮೇನ್ ಆಫ್ ಮಾಡಿದ್ಯಾ?" ಅಂತ ಮತ್ತೆ ಮತ್ತೆ ಕೇಳಿ, ಕೊನೆಗೆ ಬಲ್ಬನ್ನು ನನ್ನ ಕೈಗೇ ಕೊಟ್ಟು ಸ್ಟೂಲು ಹಿಡಿದುಕೊಳ್ಳುವವರು.

"ಈ ಪಾಯಿಂಟಿಗೆ ಯಾವ ಸೈಜಿನ ವೈರ್ ಬಂದಿದೆ ನೋಡಿದ್ರಾ?" ಅಂತ ನಾನು.

"ಸರ್, ಅದೆಲ್ಲ ತಡ್ಕೊಳುತ್ತೆ ಸರ್" ಅಂತ ಅವನು.

ಸರ್ ತಲೆ ಆಡಿಸಿದರು.

"ಎಂಸಿಬಿ, ಅದೇ ಲೋಡು ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್ಚು, ಎಷ್ಟು ಆಂಪ್ಸ್‌ದು?"

"ಏನೂ ಆಗಲ್ಲ ಸರ್."

ಸರ್ ಮತ್ತೆ ತಲೆ ಆಡಿಸಿದರು. ಈ ಸಲ ಹುಬ್ಬನ್ನೂ ಏರಿಸಿ, ಬಹಳ ತಿಳಿದವರ ಹಾಗೆ.

ಇಂಡೋರ್ ಯೂನಿಟ್ಟಿನ ಮುಂಭಾಗ ತೆಗೆದರೆ ಬಲಗಡೆ ಒಂದೇ ಸ್ಕ್ರೂ ಇರುವ ಪುಟ್ಟ ಮುಚ್ಚಳ. ಅದರ ಹಿಂದೆ ಟರ್ಮಿನಲ್ ಸಾಲು. ಕರೆಂಟು ತರುವ ಫೇಸಿಗೆ ಒಂದು, ಅದನ್ನು ವಾಪಸು ಒಯ್ಯುವ ನ್ಯೂಟ್ರಲ್ಲಿಗೆ ಒಂದು, ಹೊರಗಿನ ಯೂನಿಟ್ಟಿಗೆ ಸಿಗ್ನಲ್ ಕಳಿಸುವುದಕ್ಕೆ ಒಂದು, ಪಕ್ಕದಲ್ಲಿ ಅರ್ತಿಗೇ ಅಂತ ಬೇರೆ ಸ್ಕ್ರೂ. ಮುಚ್ಚಳದ ಒಳಗೇ ಯಾವ ಬಣ್ಣ ಎಲ್ಲಿಗೆ ಅಂತ ಚಿತ್ರ ಅಂಟಿಸಿದ್ದಾರೆ. ಹುಡುಗ ಕಂದು ವೈರ್ ಸಿಕ್ಕಿಸಿದ, ನೀಲಿ ಸಿಕ್ಕಿಸಿದ, ಸಿಗ್ನಲ್ಲೂ ಆಯಿತು. ಹಳದಿ ಗೆರೆಯ ಹಸಿರು ವೈರು ಉಳಿಯಿತು. ಅದನ್ನು ಹಿಂದಕ್ಕೆ ಮಡಚಿ, ಮೇಲೆ ಕಪ್ಪು ಟೇಪ್ ಸುತ್ತಿ, ಒಳಕ್ಕೆ ತುರುಕಿ ಮುಚ್ಚಳ ಹಾಕಲು ಹೊರಟ.

"ಅದು?" ಅಂದೆ.

"ಅದು ಎಕ್ಸ್‌ಟ್ರಾ ಸರ್" ಅಂದ, ಗಂಡನ ಕಡೆ ತಿರುಗಿ. "ಶರ್ಟ್ ಜೊತೆ ಒಂದು ಗುಂಡಿ ಎಕ್ಸ್‌ಟ್ರಾ ಕೊಟ್ಟಿರ್ತಾರಲ್ಲ, ಹಂಗೆ."

ನಾನು ಒಂದು ಕ್ಷಣ ಬೆಪ್ಪಾದೆ. ಅಷ್ಟು ದೂರದ ಕಾರ್ಖಾನೆಯಲ್ಲಿ ಯಾರೋ ಕೂತು, ಪಾಪ, ಬೆಂಗಳೂರಿನ ಹೆಣ್ಣುಮಗಳಿಗೆ ಒಂದು ವೈರು ಹೆಚ್ಚಿಗೆ ಇರಲಿ, ಮುಂದೆ ಬಟ್ಟೆ ಒಣಹಾಕಲಾದರೂ ಬಂದೀತು ಅಂತ ಕೇಬಲ್ಲಿನೊಳಗೆ ಸೇರಿಸಿ ಕಳಿಸಿದ್ದಾರೆ! ತಾಮ್ರ ಈಗಿರುವ ರೇಟಿಗೆ ಎಂಥ ಧಾರಾಳ!

ಗಂಡನ ಕಡೆ ನೋಡಿದೆ. ಅವರು ತಮ್ಮ ಶರ್ಟಿನ ಒಳಮಡಿಕೆ ತಿರುಗಿಸಿ ಗುಂಡಿ ಇದೆಯಾ ಅಂತ ನೋಡಿಕೊಳ್ಳುತ್ತಿದ್ದರು. ಸತ್ಯವಾಗಿಯೂ.

ಹಸಿರು ವೈರಿನ ವಿಷಯದಲ್ಲಿ ನನಗೆ ತಮಾಷೆ ಬರುವುದಿಲ್ಲ. ನಮ್ಮಪ್ಪ ಲೈನ್‌ಮನ್ ಆಗಿದ್ದವರು. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಅದರೊಳಗಿಂದ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಎಲ್ಲ ಬಂದವು, ಊರಲ್ಲಿ ಅಪ್ಪ ಮಾತ್ರ ಕೊನೆಯವರೆಗೂ "ಕೆಇಬಿಯವರು". ಮನೆ ಹಿತ್ತಲಲ್ಲಿ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿದ ಅರ್ತ್ ಗುಂಡಿ ಇತ್ತು. ಮಣ್ಣು ಒಣಗಿದರೆ ಕರೆಂಟು ಸರಿಯಾಗಿ ನೆಲಕ್ಕಿಳಿಯುವುದಿಲ್ಲ ಅಂತ ಶಿವರಾತ್ರಿ ಕಳೆದ ಮೇಲೆ ಮಳೆ ಹಿಡಿಯುವ ತನಕ ಅದಕ್ಕೆ ನೀರು ಸುರಿಯುವ ಕೆಲಸ ನನ್ನದು. ತುಳಸಿಗೆ ಹಾಕಿ ಉಳಿದದ್ದು ಅಲ್ಲಿಗೆ. ಸ್ಕೂಲಿಂದ ಬಂದು ಚೀಲ ಇಳಿಸುವ ಮೊದಲೇ "ಅರ್ತಿಗೆ ನೀರ್ ಹಾಕಿದ್ಯೇನೇ?" ಅಂತ ಕೇಳೋರು. ಊಟ ಮಾಡಿದ್ಯಾ ಅಂತ ಕೇಳುತ್ತಿದ್ದುದು ಆಮೇಲೆ. ಲೈನ್ ಮೇಲೆ ಹತ್ತಿ ವಾಪಸು ಇಳಿಯದವರ ಹೆಸರುಗಳು ಅಪ್ಪನಿಗೆ ಗೊತ್ತಿದ್ದವು. ಹೇಳುತ್ತಿರಲಿಲ್ಲ. ನೀರು ಹಾಕಿಸುತ್ತಿದ್ದರು, ಅಷ್ಟೆ.

ಒಳಗೆಲ್ಲಾದರೂ ವೈರಿನ ಮೇಲಿನ ಪ್ಲಾಸ್ಟಿಕ್ ಕಿತ್ತು ಫೇಸು ಲೋಹಕ್ಕೆ ತಗುಲಿದರೆ, ಆ ಕರೆಂಟನ್ನು ಹಸಿರು ವೈರು ನೆಲಕ್ಕೆ ಒಯ್ಯುತ್ತದೆ, ಎಂಸಿಬಿಯೋ, ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಯೋ ಬೀಳುತ್ತದೆ. ಅದಿಲ್ಲದಿದ್ದರೆ ಫಿಲ್ಟರ್ ತೊಳೆಯಲು ಕೈ ಹಾಕಿದವರ ಮೂಲಕ ನೆಲಕ್ಕೆ ಹೋಗುತ್ತದೆ. ಫಿಲ್ಟರ್ ತೊಳೆಯುವುದು ಯಾರು? ಸರ್ ಅಲ್ಲ.

ಇದನ್ನು ಹುಡುಗನಿಗೆ ಹೇಳಿ ಸಾಕೆಟ್ ಬಿಚ್ಚಿಸಿದೆ. ಒಳಗೆ ಕೆಂಪು ಇದೆ, ಕಪ್ಪು ಇದೆ, ಮೂರನೇ ಪಿನ್ನಿನ ಹಿಂದೆ ಖಾಲಿ. ಮೇಲಿನ ದೊಡ್ಡ ತೂತು ಇಷ್ಟು ವರ್ಷ ಬರೀ ಶೋಕಿಗೆ ಇತ್ತು.

"ಸರ್, ಮೇಡಂಗೆ ಅರ್ತ್ ಬೇಕೇ ಬೇಕು ಅಂದ್ರೆ ನ್ಯೂಟ್ರಲ್ಲಿಂದ ಮೂರನೇ ಪಿನ್ನಿಗೆ ಒಂದು ಲೂಪ್ ಕೊಟ್ಬಿಡ್ತೀನಿ. ಎಲ್ಲಾ ಕಡೆ ಹಂಗೇ ಮಾಡೋದು."

ಈ ಲೂಪ್ ಮಹಾಶಯ ಅರ್ತ್ ಇಲ್ಲದಿರುವುದಕ್ಕಿಂತಲೂ ಕೆಟ್ಟವನು. ಹಿಂದೆಲ್ಲೋ ನ್ಯೂಟ್ರಲ್ ಕಳಚಿತು ಅನ್ನಿ, 230 ವೋಲ್ಟ್ ಎಸಿಯೊಳಗೆ ಸುತ್ತಿ, ಅದೇ ಲೂಪ್ ಹಿಡಿದು ಎಸಿಯ ಮೈಗೇ ಬಂದು ಕೂರುತ್ತದೆ. ಎಂಸಿಬಿ ಬೀಳುವುದೂ ಇಲ್ಲ. "ಬೇಡ" ಅಂದೆ. "ಬೇಡ್ವಂತೆ" ಅಂತ ಗಂಡ ಅನುವಾದಿಸಿದರು. ಆಗ ಹುಡುಗನಿಗೆ ಅರ್ಥವಾಯಿತು.

ಕೆಲಸ ಮುಗಿದ ಹಾಗೆ ಫೋಟೋ ಹೊಡೆದುಕೊಂಡು, ಮೊಬೈಲ್ ಹಿಡಿದು ಗಂಡನ ಮುಂದೆ ನಿಂತ. "ಸರ್, ಒಟಿಪಿ?" ಅವರು ಜೇಬು ತಡಕಿದರು, ಮೆಸೇಜು ನೋಡಿದರು, ಕನ್ನಡಕ ಹಾಕಿ ಮತ್ತೆ ನೋಡಿದರು. ಇಲ್ಲ. ಬುಕ್ ಮಾಡಿದ್ದು ನನ್ನ ನಂಬರಿನಿಂದ.

ಆಗ ಅವನು ನನ್ನನ್ನು ನೋಡಿದ. ಮನೆಯೊಳಗೆ ಬಂದ ಮೇಲೆ ಮೊಟ್ಟಮೊದಲ ಬಾರಿಗೆ, ನೇರವಾಗಿ, ಎಷ್ಟು ಭಕ್ತಿಯಿಂದ! "ಮೇಡಂ, ಒಟಿಪಿ ಮೇಡಂ."

"ಎಕ್ಸ್‌ಟ್ರಾ ವೈರ್ ಒಂದು ಉಳಿದಿದೆಯಲ್ಲಪ್ಪ, ಅದನ್ನ ಒಳಗೂ ಹೊರಗೂ ಎರಡೂ ಕಡೆ ಸ್ಕ್ರೂಗೆ ಹಾಕಿ, ಕೇಬಲ್ ಕ್ಲ್ಯಾಂಪ್ ಬಿಗಿ ಮಾಡು. ಆಮೇಲೆ ಕೊಡ್ತೀನಿ."

ಇಷ್ಟು ಹೊತ್ತು ಆಗದ ಕೆಲಸ ಹತ್ತು ನಿಮಿಷದಲ್ಲಿ ಆಯಿತು. ಏಣಿ ಹಿಡಿಯುವವನೂ ಮೊಬೈಲ್ ಜೇಬಿಗಿಟ್ಟ. ಸಾಕೆಟ್ಟಿನ ವಿಷಯ ಕೇಳಿದರೆ, "ಪ್ಲಗ್ ತನಕ ಮಾತ್ರ ನಮ್ದು ಮೇಡಂ, ಗೋಡೆ ಒಳಗಿಂದು ನಿಮ್ಮ ಎಲೆಕ್ಟ್ರಿಷಿಯನ್ದು" ಅಂದ. ಐದು ಸ್ಟಾರ್ ಕೊಡಬೇಕಂತೆ, ನಾಲ್ಕು ಕೊಟ್ಟರೆ ಬಾಸ್ ಬೈತಾರಂತೆ. ಕೊಟ್ಟೆ. ಅವನ ತಪ್ಪಿಗಿಂತ ಅವನನ್ನು ಕೂರಿಸಿ ಕಲಿಸದೇ ಇದ್ದವರ ತಪ್ಪು ದೊಡ್ಡದು. ಸಿಟ್ಟು ಮಾತ್ರ ಹಾಗೇ ಇದೆ.

ಎಲೆಕ್ಟ್ರಿಷಿಯನ್ ಬಂದು ಸಾಕೆಟ್ಟಿಗೆ ಅರ್ತ್ ಕೊಡುವವರೆಗೆ ಎಸಿ ಆನ್ ಮಾಡಬಾರದು ಅಂತ ಸ್ವಿಚ್ಚಿಗೆ ಚೀಟಿ ಅಂಟಿಸಿದೆ. ಅತ್ತೆ ಅದರ ಕೆಳಗೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಾ ಬಂದವರಿಗೆಲ್ಲ "ಹೊಸ ಎಸಿ" ಅಂತ ತೋರಿಸಿದರು.

ಎಲೆಕ್ಟ್ರಿಷಿಯನ್ ಅಣ್ಣ ಬಂದವರೇ ಮೀಟರ್ ಬೋರ್ಡ್ ನೋಡಿ ನಕ್ಕರು. ಹಳೇ ಅರ್ತ್ ಗುಂಡಿ ಓನರ್ ಹಾಕಿಸಿದ ಪಾರ್ಕಿಂಗ್ ಟೈಲ್ಸಿನ ಕೆಳಗೆ ಸಮಾಧಿಯಾಗಿದೆ, ಮೇಲೆ ಬಂದ ತಂತಿ ತುಕ್ಕು ಹಿಡಿದು ತುಂಡಾಗಿದೆ. ಓನರ್ ಕೆಳಗಿನ ಮನೆಯಿಂದ ಬನಿಯನ್ನಲ್ಲೇ ಬಂದು, "ಇಪ್ಪತ್ತೈದು ವರ್ಷದಿಂದ ಅರ್ತ್ ಇಲ್ದೇನೇ ಇದ್ದೀವಮ್ಮ, ಯಾರಿಗೇನಾಗಿದೆ? ಟೈಲ್ಸ್ ಮುಟ್ಟಂಗಿಲ್ಲ" ಅಂದರು. ಕೊನೆಗೆ ಕಾಂಪೌಂಡ್ ಪಕ್ಕ ಕರಿಬೇವಿನ ಗಿಡದ ಹತ್ತಿರ ಹೊಸ ರಾಡು ಹೂಳಲು ಒಪ್ಪಿದರು, ಖರ್ಚು ನಮ್ಮದು ಅನ್ನುವ ಷರತ್ತಿನ ಮೇಲೆ. ಅಲ್ಲಿಂದ ಹಸಿರು ವೈರ್, ಎಸಿಗೇ ಬೇರೆಯಾಗಿ ಫೋರ್ ಸ್ಕ್ವೇರ್ (ನಾಲ್ಕು ಚದರ ಮಿಲಿಮೀಟರ್ ದಪ್ಪದ) ತಾಮ್ರದ ವೈರ್, ಇಪ್ಪತ್ತು ಆಂಪ್ಸ್ ಎಂಸಿಬಿ, ನಮ್ಮ ಮನೆಗೆಲ್ಲ ಸೇರಿ ಮೂವತ್ತು ಮಿಲಿ ಆಂಪ್ಸಿನ ಆರ್‌ಸಿಸಿಬಿ. ಅಣ್ಣ ನನಗೇ ಉತ್ತರ ಕೊಡುತ್ತಿದ್ದರು. ಗಂಡ ಪಾಪ, ಅಭ್ಯಾಸ ಬಲದಿಂದ ಆಗಾಗ ತಲೆ ಆಡಿಸುತ್ತಿದ್ದರು.

ಕೊನೆಗೆ ಅಣ್ಣ ಹೋಲ್ಡರಿಗೆ ಬಲ್ಬು ಸಿಕ್ಕಿಸಿ, ಒಂದು ತುದಿ ಫೇಸಿಗೆ, ಇನ್ನೊಂದು ಹೊಸ ಅರ್ತಿಗೆ ಮುಟ್ಟಿಸಿದರು. ಟಪ್! ಆರ್‌ಸಿಸಿಬಿ ಬಿತ್ತು, ಮನೆಯೆಲ್ಲ ಕತ್ತಲೆ. ಸೀರಿಯಲ್ಲಿನಲ್ಲಿ ಸೊಸೆ ಬಾಯಿ ತೆರೆಯುವ ಹೊತ್ತಿಗೆ ಟಿವಿ ಆಫ್.

"ಕರೆಂಟ್ ಹೋಯ್ತೇನೇ?" ಅತ್ತೆ ಕೂಗಿದರು.

"ಹೂಂ ಅತ್ತೆ, ಹೋಯ್ತು!" ಅಂದೆ. ಕರೆಂಟ್ ಹೋಗಿದ್ದಕ್ಕೆ ಸೊಸೆ ಅಷ್ಟು ಖುಷಿಪಟ್ಟಿದ್ದು ಯಾಕೆ ಅಂತ ಅವರಿಗೆ ಇನ್ನೂ ಅನುಮಾನವಿದೆ.

ಅಣ್ಣ ಚೀಲ ಕಟ್ಟುವಾಗ ಓನರ್ ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ಶರ್ಟ್ ಹಾಕಿದ್ದರು. "ಅಲ್ಲಮ್ಮ, ನಮ್ಮ ಬಾತ್‌ರೂಮಿನ ಗೀಸರ್ ಮುಟ್ಟಿದ್ರೆ ಯಾಕೋ ಒಂದೊಂದ್ಸಲ ಚುರ್ ಅನ್ನುತ್ತೆ. ಹೆಂಗೂ ನಿಮ್ಮೋರು ಬಂದಿದ್ದಾರಲ್ಲ, ಆ ರಾಡಿಂದ ನಮಗೂ ಒಂದು ಹಸಿರು ವೈರ್ ಎಳೆಸಿಬಿಡಿ. ನಿಮ್ಮ ಲೆಕ್ಕದಲ್ಲೇ ಸೇರಿಸ್ಕೊಳ್ಳಿ."