‘ಬನ್ನಿ ಮತ್ತು ತೆಗೆದುಕೊಳ್ಳಿ’ಯಂತೆ!

ಬೆಳಿಗ್ಗೆ ಬೆಳಿಗ್ಗೆ ಒಂದು ರೀಲ್ ನೋಡಿ ತಲೆ ಕೆಟ್ಟಿತು. ಕ್ರಿ.ಪೂ. 480, ಗ್ರೀಸಿನ ಥರ್ಮೋಪಿಲೆ ಕಣಿವೆ, ಹಿಂದೆ ಢಂ ಢಂ ನಗಾರಿ. ‘ಆಯುಧ ಕಳಿಸು’ ಅಂತ ಪರ್ಷಿಯಾದ ದೊರೆ ಕ್ಸರ್ಕ್ಸಿಸ್ ಬರೆದ, ಅವನೆದುರು ನಿಂತ ಗ್ರೀಕರ ಸ್ಪಾರ್ಟಾದ ದೊರೆ ಲಿಯೊನಿಡಾಸ್ ಎರಡೇ ಪದದಲ್ಲಿ ಉತ್ತರ ಕೊಟ್ಟ: ‘ಮೊಲೋನ್ ಲಬೆ’. ಇಲ್ಲಿಯವರೆಗೆ ಸರಿ. ಆಮೇಲೆ ಆ ಗಡಸು ದನಿ ಅರ್ಥ ಹೇಳಿತು ನೋಡಿ: ‘ಬನ್ನಿ ಮತ್ತು ತೆಗೆದುಕೊಳ್ಳಿ’. ಅಯ್ಯೋ! ಯುದ್ಧಕ್ಕೆ ನಿಂತವನ ಮಾತಾ ಇದು, ಮದುವೆಮನೆಯಲ್ಲಿ ತಾಂಬೂಲ ಹಂಚೋರ ಮಾತಾ?

ನನ್ನ ಗ್ರೀಕ್ ಹುಚ್ಚು ನಿಮಗೆ ಗೊತ್ತೇ ಇದೆ, ಸ್ವಲ್ಪ ಸಹಿಸಿಕೊಳ್ಳಿ. ‘ಲಬೆ’ ಅಂದರೆ ತಗೋ, ಅದು ಅಪ್ಪಣೆ. ‘ಮೊಲೋನ್’ ಅಪ್ಪಣೆಯೇ ಅಲ್ಲ. ಅದು ‘ಬಂದು’. ಹೈಸ್ಕೂಲಲ್ಲಿ ಕೃದಂತಾವ್ಯಯ ಅಂತ ಉರು ಹೊಡೆದೆವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಇಂಗ್ಲಿಷಿನವರಿಗೆ ಹಾಗೆ ಹೇಳಿದರೆ ಕಿವಿಗೆ ಹಿಡಿಸಲ್ಲ, ಪಾಪ, ಎರಡು ಅಪ್ಪಣೆ ಮಾಡಿ ನಡುವೆ ಒಂದು ‘ಮತ್ತು’ ತುರುಕಿಕೊಂಡರು. ನಮಗೇನಾಗಿದೆ ದಾಡಿ? ‘ಬಂದು ತಗೋ’. ಎರಡಕ್ಕೆ ಎರಡು ಪದ, ಅದೇ ಕ್ರಮ, ಮುಗೀತು. ನೇರ ದಾರಿ ಬಿಟ್ಟು ಲಂಡನ್ ಸುತ್ತಿ ಬರೋದ್ಯಾಕೆ? (ಒಂದು ಕಡೆ ಮಾತ್ರ ಗ್ರೀಕ್ ಮುಂದೆ. ‘ಮೊಲೋನ್’ ಅಂದ ಕೂಡಲೇ ಬರುವವನು ಗಂಡಸು, ಒಬ್ಬನೇ ಅಂತ ಗೊತ್ತಾಗುತ್ತದೆ. ನಮ್ಮ ‘ಬಂದು’ ಆ ಗುಟ್ಟು ಬಿಡೋದಿಲ್ಲ.)

ಇನ್ನು ಆ ‘ಬನ್ನಿ’. ‘ಲಬೆ’ ಏಕವಚನ ಕಣ್ರೀ. ಆಗಿನ ಗ್ರೀಕಿನಲ್ಲಿ ದೊರೆಗೂ ಏಕವಚನವೇ, ಮರ್ಯಾದೆಯ ಬಹುವಚನ ಇರಲಿಲ್ಲ, ಹಾಗಾಗಿ ಕನ್ನಡದ ‘ತಗೋ’ ಮೂಲಕ್ಕಿಂತ ಜಾಸ್ತಿ ಒರಟಾಯ್ತು ಅನ್ನಬಹುದು ಯಾರಾದರೂ. ಆಗಲಿ ಬಿಡಿ. ಈಟಿ ಹಿಡಿದು ನಿಂತವನು ‘ದಯವಿಟ್ಟು’ ಅನ್ನಬೇಕಿತ್ತಾ?

‘ಅವನು ಹಾಗೆ ಹೇಳಿಯೇ ಇಲ್ಲವಂತೆ’ ಅಂತ ಕಾಮೆಂಟಿಗೆ ಬರ್ತೀರಿ, ಗೊತ್ತು. ಆ ಯುದ್ಧದ ಕಥೆ ಬರೆದಿಟ್ಟ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನಲ್ಲಿ ಈ ಮಾತಿಲ್ಲ, ಸಿಗೋದು ಐನೂರಕ್ಕೂ ಜಾಸ್ತಿ ವರ್ಷದ ಮೇಲೆ ಬರೆದ ಗ್ರೀಕ್ ಲೇಖಕ ಪ್ಲುಟಾರ್ಕ್‌ನಲ್ಲಿ. ಇರಲಿ. ಹೇಳದಿದ್ದರೆ ‘ಬಂದು’ ಹೋಗಿ ‘ಬನ್ನಿ ಮತ್ತು’ ಆಗುತ್ತಾ?

ಇಷ್ಟೆಲ್ಲ ಕೂಗಾಡಿ ನನ್ನ ಹಳೇ ನೋಟ್‌ಬುಕ್ ತೆಗೆದೆ. ಗ್ರೀಕ್ ಶುರು ಮಾಡಿದ ವರ್ಷದ್ದು. ನನ್ನದೇ ಕೈಬರಹ: ‘ಬಾ ಮತ್ತು ತಗೋ’. ಪೆನ್ಸಿಲ್ ಕೂಡ ಅಲ್ಲ, ಇಂಕು. ಅದನ್ನು ಬರೆಯುವ ಕಾಲಕ್ಕೆ ಅಡುಗೆಮನೆಯಿಂದ ಅಮ್ಮ ದಿನಾ ಕೂಗ್ತಾ ಇದ್ದರು, ‘ದೋಸೆ ಆರಿಹೋಗ್ತಿದೆ, ಬಂದು ತಗೋ!’